ಬಾತುಮರಿಗೆ ಒಂದು ಗೆಣ್ಣು ನೀರು

ಬೇಸಿಗೆ ಬಂತೆಂದರೆ ನಾನು ಅಂಗಳದ ಕಟ್ಟೆಯ ಮೇಲೆ ಗುಬ್ಬಿಗಳಿಗೆ ಒಂದು ತಟ್ಟೆಯಲ್ಲಿ ನೀರಿಡುತ್ತೇನೆ. ಪುಣ್ಯದ ಕೆಲಸ ಎಂದು ಹೊಗಳಬೇಡಿ, ಬೆಳಗಿನ ಹೊತ್ತು ಬೇರೆ ಕೆಲಸವಿಲ್ಲದ ಮನುಷ್ಯನ ಕೆಲಸ ಅದು. ನೀರು ಹೊಯ್ದ ಮೇಲೆ ತೋರುಬೆರಳನ್ನು ಅದ್ದಿ, ನೀರು ಮೊದಲ ಗೆಣ್ಣಿಗೆ ಬಂದಿದೆಯೇ ಎಂದು ನೋಡುತ್ತೇನೆ. ಹೆಚ್ಚಾಗಿದ್ದರೆ ಚೆಲ್ಲುತ್ತೇನೆ. ಆಮೇಲೆ ಮೂರು ಬೆಣಚುಕಲ್ಲು ಹಾಕುತ್ತೇನೆ. ಪಕ್ಕದ ಮನೆಯ ಮೇಷ್ಟರು ಒಂದು ದಿನ ಕಾಂಪೌಂಡಿನ ಆಚೆಯಿಂದ ಇಣುಕಿ, "ಏನ್ ಸಾ, ಗುಬ್ಬಿ ನೀರು ಬಿಸಿ ಅದಾ ತಣ್ಣಗದಾ ಅಂತ ನೋಡ್ತಿದ್ದೀರಾ?" ಎಂದು ಕೇಳಿದರು. ಹೂಂ ಅಂದುಬಿಟ್ಟೆ. ಅಷ್ಟು ಹಳೆಯ ಹೊಟ್ಟೆಕಿಚ್ಚಿನ ಕಥೆಯನ್ನು ಕಾಂಪೌಂಡಿನ ಬಳಿ ನಿಂತು ಹೇಳಲಾಗುವುದಿಲ್ಲ. ನಿಮಗಾದರೆ ಹೇಳಬಹುದು. ನೀವು ನಮ್ಮ ಬೀದಿಯವರಲ್ಲ.

ಹೊಟ್ಟೆಕಿಚ್ಚಿನಲ್ಲೂ ಒಂದು ಮರ್ಯಾದೆ ಇದೆ. ನೆಂಟನಿಗೆ ನೌಕರಿ ಸಿಕ್ಕಿತು, ಎದುರು ಮನೆಯವನು ಎರಡನೇ ಮಗ್ಗ ಹಾಕಿದ, ಇಂಥದಕ್ಕೆ ಉರಿದರೆ ನಾಲ್ಕು ಜನ ಒಪ್ಪುತ್ತಾರೆ. ನಾನು ಉರಿದದ್ದು ಒಂಬತ್ತು ಬಾತುಮರಿಗಳ ಮೇಲೆ. ಆಗ ನನಗೆ ಇಪ್ಪತ್ತಮೂರು. ಮೀಸೆ ಬಂದಿತ್ತು, ಮದುವೆಯಾಗಿತ್ತು. ಬುದ್ಧಿ ಮಾತ್ರ ಬಂದಿರಲಿಲ್ಲ.

ಕೊಳ್ಳೇಗಾಲ ಮದರಾಸು ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಆರೇಳು ವರ್ಷವಾಗಿದ್ದ ಕಾಲ. ಅಪ್ಪ ಇನ್ನೂ ನಮ್ಮದು ಕೊಯಮತ್ತೂರು ಜಿಲ್ಲೆ ಎಂದೇ ಹೇಳುತ್ತಿದ್ದರು. ಯಾರಾದರೂ ತಿದ್ದಿದರೆ, "ಜಿಲ್ಲೆ ಎತ್ಲಾಗಾರ ಓಗ್ಲಿ, ನನ್ ಗುಂಡಿ ಇಲ್ಲೇ ಅದಲ್ಲ" ಎನ್ನುತ್ತಿದ್ದರು. ಗುಂಡಿ ಎಂದರೆ ಮಗ್ಗದ ಗುಂಡಿ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಪಡಸಾಲೆಯಲ್ಲಿ ಎರಡು ಗುಂಡಿಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ನಾನು, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಬೆಳಗಿನಿಂದ ದೀಪ ಹಚ್ಚುವವರೆಗೆ ಏಳುವಂತಿಲ್ಲ. ನನ್ನ ಮಗ್ಗದಿಂದ ತಲೆ ಎತ್ತಿದರೆ ಹಿತ್ತಿಲ ಬಾಗಿಲು, ಅದರಾಚೆ ಹಿತ್ತಿಲು ನೇರವಾಗಿ ಕಾಣುತ್ತಿತ್ತು. ಅದೇ ನನ್ನ ಕರ್ಮ. ಅಲ್ಲಿ ನಡೆಯುವುದೆಲ್ಲ ಕಣ್ಣಿಗೂ ಕಿವಿಗೂ ಬೀಳುತ್ತಿತ್ತು, ಎದ್ದು ಹೋಗಿ ಮಧ್ಯೆ ಬಾಯಿ ಹಾಕುವ ಹಾಗಿರಲಿಲ್ಲ.

ನನ್ನ ಹೆಂಡತಿ ಚಿಕ್ಕತಾಯಿ ಯಳಂದೂರಿನ ಹತ್ತಿರದ ಒಂದು ಹಳ್ಳಿಯವಳು. ಅವಳ ಅಪ್ಪನಿಗೂ ಒಂದು ಮಗ್ಗ, ಕೆರೆಯ ಕೆಳಗೆ ಒಂದಿಷ್ಟು ಗದ್ದೆ. ಮದುವೆಯ ದಿನ ಅವಳ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, "ನಮ್ ಕೂಸು ಬಾಯ್ ಬುಟ್ರೆ ರೇಡಿಯೋ ಕಣಪ್ಪ, ನೀನೇ ಸುದಾರುಸ್ಕೋಬೇಕು" ಎಂದು ಎಚ್ಚರಿಕೆ ಕೊಟ್ಟಿದ್ದರು. ರೇಡಿಯೋ ನಮ್ಮ ಮನೆಗೆ ಬಂದು ನಾಲ್ಕು ತಿಂಗಳಾದರೂ ಅದರಿಂದ ಒಂದು ಮಾತು ಹೊರಡಲಿಲ್ಲ. ಆ ಕಾಲದ ರೀತಿ ನಿಮಗೂ ಗೊತ್ತಿರಬೇಕು. ಅತ್ತೆ ಮಾವನ ಎದುರಿಗೆ ಹೊಸ ಸೊಸೆ ಗಂಡನ ಜೊತೆ ಮಾತಾಡಿದರೆ ಬೀದಿಯೆಲ್ಲ ಸುದ್ದಿ. ಗಂಡನ ಹೆಸರು ಹೇಳುವುದಂತೂ ಇಲ್ಲವೇ ಇಲ್ಲ. ಊಟಕ್ಕೆ ಕರೆಯಬೇಕಾದರೆ ಅವಳು ಮಗ್ಗದ ಹತ್ತಿರ ಬಂದು ಬಳೆ ಸದ್ದು ಮಾಡಿ ಹೋಗುತ್ತಿದ್ದಳು. ರಾತ್ರಿ ಮಾತಾಡಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಮನೆ ನೀವು ನೋಡಿಲ್ಲ. ನಾವು ಮಲಗುವ ಜಾಗಕ್ಕೂ ಅಪ್ಪ ಅವ್ವ ಮಲಗುವ ಜಾಗಕ್ಕೂ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಆ ಕಡೆ ಅಪ್ಪ ಆಕಳಿಸಿದರೆ ಈ ಕಡೆ ನನಗೆ ನಿದ್ದೆ ಬರುತ್ತಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡೇ ಮಲಗುತ್ತಿದ್ದಳು. ಹೀಗಾಗಿ ನನ್ನ ಹೆಂಡತಿಯ ದನಿ ಹೇಗಿದೆ ಎಂದು ನನಗೆ ಸರಿಯಾಗಿ ತಿಳಿದದ್ದೇ ಬಾತಿನ ದೆಸೆಯಿಂದ.

ಆ ಬಾತು ನಮ್ಮ ಮನೆಗೆ ಬಂದದ್ದು ಅಪ್ಪನ ಮೂಲವ್ಯಾಧಿಯ ದೆಸೆಯಿಂದ. ಗುಂಡಿಯ ಅಂಚಿನ ಮೇಲೆ ವರ್ಷಗಟ್ಟಲೆ ಕೂತವರಿಗೆ ಬರುವ ಕಾಯಿಲೆ. ನಮ್ಮ ಬೀದಿಯಲ್ಲಿ ಅದರ ಬಗ್ಗೆ ಯಾರಿಗೂ ನಾಚಿಕೆಯಿರಲಿಲ್ಲ, ಸೀರೆಯ ಅಂಚಿನ ಬಗ್ಗೆ ಮಾತಾಡಿದಷ್ಟೇ ಸರಾಗವಾಗಿ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದರು. ಶಾಗ್ಯದ ಕಡೆಯ ನಾಟಿ ವೈದ್ಯನೊಬ್ಬ ಅಪ್ಪನಿಗೆ "ಬಾತ್ ಮೊಟ್ಟೆ ತಿನ್ನಿ, ತಂಪಾಯ್ತದೆ" ಎಂದು ಹೇಳಿ ಹೋದ. ಅದು ಒಳಗಿದ್ದ ಚಿಕ್ಕತಾಯಿಯ ಕಿವಿಗೆ ಬಿತ್ತು. ಸಂಕ್ರಾಂತಿಗೆ ತವರಿಗೆ ಹೋದವಳು ಬರುವಾಗ ಮಂಕರಿಯಲ್ಲಿ ರಾಗಿ ಹೊಟ್ಟು ಹಾಸಿ ಹನ್ನೆರಡು ಬಾತುಮೊಟ್ಟೆ ತಂದಳು. ಅವರ ಕಡೆ ಕೊಯ್ಲಾದ ಗದ್ದೆಗಳಿಗೆ ತಮಿಳು ಸೀಮೆಯವರು ಬಾತಿನ ಹಿಂಡು ಹೊಡೆದುಕೊಂಡು ಬಂದು ಮೇಯಿಸುತ್ತಿದ್ದರಂತೆ, ಅವರ ಹತ್ತಿರ ತೆಗೆದುಕೊಂಡದ್ದು. ಅಪ್ಪ ಆಗಲೇ ಒಂದು ಬೇಯಿಸಿಕೊಳ್ಳಲು ಕೈ ಚಾಚಿದರು. ಚಿಕ್ಕತಾಯಿ ಅವ್ವನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅವ್ವ ಅದನ್ನು ಅಪ್ಪನಿಗೆ ದಾಟಿಸಿದರು.

"ಇವ ತಿಂದ್ರೆ ಅನ್ನೆಲ್ಡು ದಿನಕ್ಕೆ ಮುಗೀತದೆ. ಮರಿ ಮಾಡ್ಸುದ್ರೆ ವರ್ಸೆಲ್ಲ ತಿನ್ಬೌದಂತೆ."

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು.

ಸಾಕಿದ ಬಾತಿಗೆ ಮೊಟ್ಟೆ ಇಡುವುದು ಗೊತ್ತು, ಕೂತು ಕಾವು ಕೊಡುವ ತಾಳ್ಮೆ ಕಡಿಮೆ. ಅದಕ್ಕೆ ಕೋಳಿಯೇ ಬೇಕು. ಹಿಂದಿನ ಬೀದಿಯ ಸಾಕಮ್ಮ ಎಂಬಾಕೆಯ ಕೆಂಪು ಕೋಳಿ ಕಾವಿಗೆ ಬಂದು, ಹತ್ತಿರ ಹೋದವರನ್ನೆಲ್ಲ ಕುಕ್ಕುತ್ತಿತ್ತು. ಅದನ್ನೇ ಎರವಲು ತಂದರು. ಒಡೆದ ಮಡಕೆಯ ಬುಡದಲ್ಲಿ ಮರಳು, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಮೊಟ್ಟೆ, ಮೊಟ್ಟೆಯ ಮೇಲೆ ಕೋಳಿ. ಇಪ್ಪತ್ತೊಂದನೆಯ ದಿನ ಮರಿ ಬರಬೇಕಿತ್ತು, ಬರಲಿಲ್ಲ. ಸಾಕಮ್ಮ ಬಂದು ನೋಡಿ, "ಎಲ್ಲ ಕೆಟ್ಟೋಗವೆ, ತಿಪ್ಪೆಗಾಕ್ರವ್ವ, ನನ್ ಕೋಳಿ ಸುಮ್ಕೆ ಸೊರುಗ್ತಾ ಅದೆ" ಅಂದಳು. ಅವ್ವ ಮಡಕೆ ಎತ್ತಲು ಹೋದರು. ಚಿಕ್ಕತಾಯಿ ಒಂದು ಮೊಟ್ಟೆ ತೆಗೆದು ಅವ್ವನ ಕಿವಿಗೆ ಹಿಡಿದಳು. ಒಳಗೆ ಏನೋ ಕೆರೆದಂತಾಯಿತಂತೆ. ಬಾತಿನ ಲೆಕ್ಕ ಕೋಳಿಯ ಲೆಕ್ಕಕ್ಕಿಂತ ಒಂದು ವಾರ ಉದ್ದ, ಇಪ್ಪತ್ತೆಂಟು ದಿನ. ಆ ವಾರವೆಲ್ಲ ಅವಳು ದಿನಾ ಉಗುರುಬೆಚ್ಚಗಿನ ನೀರನ್ನು ಮೊಟ್ಟೆಗಳ ಮೇಲೆ ಚಿಮುಕಿಸುತ್ತ ಕೋಳಿಗೆ ಸಮಾಧಾನ ಹೇಳಿದಳು.

"ಇನ್ನೊಂದ್ ವಾರ ತಡ್ಕೊಳಕ್ಕ. ಬ್ಯಾರೆ ಮನೇಲಿ ಉಟ್ಟಿದ್ದವು, ಈ ಮನೆ ರೀತಿ ಕಲ್ಯಕ್ಕೆ ಒಸಿ ತಡ ಆಯ್ತದೆ."

ಅದು ನಾನು ಕೇಳಿದ ಅವಳ ಮೊದಲ ಪೂರ್ತಿ ಮಾತು. ಎಷ್ಟು ಚೆಂದದ ದನಿ! ನನ್ನ ಕೈಯ ಲಾಳಿ ಹಾಸಿನ ನಡುವೆಯೇ ನಿಂತುಹೋಯಿತು. ಮರುಕ್ಷಣವೇ ನನಗೆ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹೊತ್ತಿತು. ನಾಲ್ಕು ತಿಂಗಳು ಕಾದವನು ನಾನು, ಮೊನ್ನೆ ಬಂದ ಎರವಲು ಕೋಳಿಗೆ ಅಕ್ಕ ಅನ್ನಿಸಿಕೊಳ್ಳುವ ಭಾಗ್ಯ.

ಇಪ್ಪತ್ತೆಂಟನೆಯ ದಿನ ಒಂಬತ್ತು ಮರಿ ಆದವು. ಕಪ್ಪು ಹಳದಿ ಬೆರೆತ ಮೈ, ದೇಹಕ್ಕೆ ಒಪ್ಪದ ಅಗಲ ಕೊಕ್ಕು, ಚಪ್ಪಟೆ ಕಾಲು. ಕೋಳಿ ಒಮ್ಮೆ ಅವನ್ನು ನೋಡಿ, ಒಮ್ಮೆ ನಮ್ಮನ್ನು ನೋಡಿ, ಆಮೇಲೆ ತನ್ನವೇ ಎಂದು ಒಪ್ಪಿಕೊಂಡಿತು. ಚಿಕ್ಕತಾಯಿ ಹಿತ್ತಿಲ ಮೂಲೆಗೆ ಎರಡು ಹಳೆಯ ಚಂದ್ರಿಕೆ ನಿಲ್ಲಿಸಿ ಆವರಣ ಮಾಡಿದಳು. ಚಂದ್ರಿಕೆ ಎಂದರೆ ರೇಷ್ಮೆಹುಳು ಗೂಡು ಕಟ್ಟುವುದಕ್ಕೆ ಬಿಡುವ ಬಿದಿರಿನ ಚಾಪೆ. ಅವಳ ಸಾಕಣೆಯ ಶಿಸ್ತು ನೋಡಿದರೆ ನಮ್ಮ ಮನೆಯಲ್ಲಿ ನನ್ನನ್ನೂ ಇಷ್ಟು ಚೆನ್ನಾಗಿ ಸಾಕಿರಲಿಲ್ಲ ಅನ್ನಿಸುತ್ತಿತ್ತು. ಕೆಳಗೆ ಹಾಸಿದ ಹೊಟ್ಟು ದಿನಾ ಬದಲಾಗಬೇಕು, ಒದ್ದೆಯಲ್ಲಿ ನಿಂತರೆ ಕಾಲು ಸೋಲುತ್ತದೆ. ನುಚ್ಚನ್ನು ಬೇಯಿಸಿ ಕಲಸಿಯೇ ಕೊಡಬೇಕು, ಒಣಗಿದ್ದರೆ ಗಂಟಲಿಗೆ ಸಿಕ್ಕುತ್ತದೆ. ಸೊಪ್ಪು ಸಣ್ಣಗೆ ಹೆಚ್ಚಬೇಕು. ನೂಲು ಬಿಚ್ಚುವವರ ಮನೆಯಿಂದ, ಗೂಡಿನ ದಾರವೆಲ್ಲ ತೆಗೆದ ಮೇಲೆ ಉಳಿಯುವ ಬೆಂದ ಹುಳು ತರಬೇಕು, ಆದರೆ ಮರಿಗೆ ಎರಡು ಮೂರಕ್ಕಿಂತ ಹೆಚ್ಚಿಲ್ಲ. ಎಲ್ಲಕ್ಕಿಂತ ಮುಖ್ಯ ನೀರು. ಬಾತು ಮೂಗು ತೊಳೆದುಕೊಳ್ಳದಿದ್ದರೆ ಕಣ್ಣು ಮೂಗು ಕಟ್ಟಿಕೊಳ್ಳುತ್ತವೆ, ಮೈ ನೆನೆದರೆ ಶೀತ ಹಿಡಿದು ಸಾಯುತ್ತದೆ. ಪಿಂಗಾಣಿ ತಟ್ಟೆಗೆ ನೀರು ಹೊಯ್ದು, ಬೆರಳು ಅದ್ದಿ, ಮರಿಗಳು ಒಳಗೆ ಇಳಿಯದಂತೆ ಮೂರು ಕಲ್ಲು ಹಾಕಿ, ಗಟ್ಟಿಯಾಗಿ ಹೇಳುತ್ತಿದ್ದಳು.

"ಒಂದ್ ಗೆಣ್ಣು ನೀರು ಸಾಕು. ಮೂಗು ನೆನೀಬೇಕು, ಎದೆ ನೆನೀಬಾರ್ದು. ರೆಕ್ಕೆ ಪುಕ್ಕ ಬರೋ ಗಂಟ ಇಂಗೇಯ. ಕೇಳುಸ್ತಾ?"

ಮರಿಗಳಿಗೆ ಅದು ಕೇಳಿಸಿತೋ ಇಲ್ಲವೋ, ಹದಿನೈದು ಅಡಿ ಆಚೆ ಗುಂಡಿಯಲ್ಲಿದ್ದ ನನಗೆ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು.

ರೇಡಿಯೋ ಶುರುವಾದದ್ದು ಹಾಗೆ. ಬೆಳಗಿನಿಂದ ಸಂಜೆಯವರೆಗೆ ಬಾತುಗಳ ಜೊತೆ ಮಾತೋ ಮಾತು. ಒಂದು ದಿನ, "ಬಸ್ ಸ್ಟಾಂಡ್ ತಾವ ಕನಕಾಂಬರ ಬಂದದಂತೆ ಕಣ್ರೋ. ನಮ್ಗ್ಯಾರ್ ತಂದ್ಕೊಟ್ಟಾರು?" ಅಂದಳು. ಇವಳಿಗೆ ಬುದ್ಧಿ ಇದೆಯೇ, ಬಾತಿನ ಹತ್ತಿರ ಹೂ ಕೇಳುತ್ತಾಳಲ್ಲ ಎಂದು ನಾನು ಹಲ್ಲು ಕಡಿದೆ. ಇನ್ನೊಂದು ದಿನ, "ಸಾರ್ಗೆ ಹುಣ್ಸೆಹಣ್ಣು ಒಸಿ ಜಾಸ್ತಿ ಆಗೋಗದೆ. ಮಾವ ಇರೋವಾಗ ಮೊಕ ಸಿಂಡರುಸ್ಬ್ಯಾಡಿ, ಸುಮ್ಕೆ ಉಂಡ್ಬುಡಿ" ಅಂದಳು. ಮರಿಗಳಿಗೆ ಸಾರು ಹಾಕುತ್ತಾಳೆಂದು ನಾನು ಅವ್ವನಿಗೆ ಚಾಡಿ ಹೇಳಿದೆ. ಅವ್ವ ನನ್ನನ್ನು ಒಂದು ಥರಾ ನೋಡಿ ಒಳಗೆ ಹೋದರು. ಮಧ್ಯಾಹ್ನ ಅಪ್ಪನ ಪಕ್ಕ ಕೂತು ನಾನೊಬ್ಬನೇ ಸಾರಿಗೆ ಮುಖ ಹಿಂಡಿದೆ, ಅಪ್ಪ ಅದನ್ನು ನೋಡಿ ಸೊಸೆಯ ಕಡೆ ನೋಡಿದರು, ಅವಳು ತಲೆ ತಗ್ಗಿಸಿದಳು. ಮತ್ತೊಂದು ದಿನ, "ಈಪಾಟಿ ಬಗ್ಗಿ ಕುಂತ್ರೆ ಬೆನ್ನು ನೋಯ್ದೆ ಇನ್ನೇನು? ಆಗಾಗ ಎದ್ದು ನೆಟ್ಗೆ ನಿಂತ್ಕೊಂಡ್ರೆ ಗಂಟೇನ್ ಓಯ್ತದೆ?" ಎಂದು ಗದರಿದಳು. ನನ್ನ ಸೊಂಟ ಆ ವಾರವೆಲ್ಲ ಮುರಿದು ಬೀಳುವ ಹಾಗಿತ್ತು. ಕೇಳುವವರಿಲ್ಲ. ನೆಟ್ಟಗೆ ಒಂದು ಬೆನ್ನೇ ಇಲ್ಲದ ಬಾತಿಗೆ ಬೆನ್ನುನೋವಿನ ವಿಚಾರಣೆ!

ನೀವು ನಗುತ್ತಿದ್ದೀರಿ. ನಗಿ. ನಿಮಗೆ ಅರ್ಥವಾದದ್ದು ನನಗೆ ಆಗಲಿಲ್ಲ. ಹೊಟ್ಟೆ ಉರಿಯುತ್ತಿರುವವನ ಕಿವಿಗೆ ಮಾತು ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ನಾನಂತೂ ದಿನಾ ಲೆಕ್ಕ ಹಾಕುತ್ತಿದ್ದೆ, ಇವತ್ತು ಆ ಮರಿಯನ್ನು ಎಷ್ಟು ಸಲ ಎತ್ತಿಕೊಂಡಳು, ಯಾವುದರ ಕೊಕ್ಕನ್ನು ಸೆರಗಿನಿಂದ ಒರೆಸಿದಳು ಎಂದು. ಅವಳು ಎದ್ದರೆ ಒಂಬತ್ತೂ ಏಳುತ್ತಿದ್ದವು. ಬಾವಿಕಟ್ಟೆಗೆ ಹೋದರೆ ಹಿಂದೆ ಸಾಲು. ನಾನು ಹಿತ್ತಿಲಿಗೆ ಕಾಲಿಟ್ಟರೆ ಕಿರುಚಿಕೊಂಡು ಕೋಳಿಯ ಕೆಳಗೆ ನುಗ್ಗುತ್ತಿದ್ದವು, ಕೋಳಿ ನನ್ನ ಹಿಮ್ಮಡಿ ಕುಕ್ಕುತ್ತಿತ್ತು.

ಕೊನೆಗೆ ನಾನೂ ಅವುಗಳನ್ನು ಒಲಿಸಿಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ. ಅವು ನನ್ನ ಹಿಂದೆ ಬಂದರೆ, ಅವುಗಳ ಹಿಂದೆ ಅವಳು ಬರಲೇಬೇಕಲ್ಲ. ಆ ಹೊತ್ತಿಗೆ ಸರಿಯಾಗಿ ಅವಳ ತಮ್ಮ ಬಂದು, ಅಜ್ಜಿಗೆ ಹುಷಾರಿಲ್ಲವೆಂದು ಅವಳನ್ನು ಎರಡು ದಿನದ ಮಟ್ಟಿಗೆ ಕರೆದುಕೊಂಡು ಹೋದ. ಹೊರಡುವ ಮುಂಚೆ ಅವಳು ಮರಿಗಳ ಮುಂದೆ ಕೂತು ಹೇಳಿದಳು, "ನಾಡಿದ್ದು ಸಂಜೆ ಬಸ್ಗೆ ಬತ್ತೀನಿ. ಉಸಾರು. ಒತ್ತೊತ್ತಿಗೆ ಉಣ್ಣಿ." ನನ್ನ ಕಡೆ ತಿರುಗಿಯೂ ನೋಡದೆ ಹೋದಳು.

ಅವಳು ಹೋದ ತಕ್ಷಣ ನಾನು ನೂಲು ಬಿಚ್ಚುವವರ ಮನೆಗೆ ಹೋಗಿ ಒಂದು ಮೊರ ಹುಳು ತಂದೆ. ಎರಡು ಮೂರು ಎಂಬುದು ಅವಳ ಜಿಪುಣತನ, ನಾನು ಧಾರಾಳಿ. ಮರಿಗಳು ಮುಗಿಬಿದ್ದು ತಿಂದವು. ನಾನು ಕೂತಲ್ಲಿಗೇ ಬಂದು, ನನ್ನ ಪಂಚೆಯ ಮೇಲೆ ಹತ್ತಿ ತಿಂದವು. ನನಗೆ ಆದ ಖುಷಿ ಹೇಳಲಾರೆ. ಮರುದಿನವೂ ಹಾಗೇ ತಿನ್ನಿಸಿದೆ. ಆದರೆ ಅವಳು ಬರುವ ದಿನ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಮೂಗು ಬಿಡುವ ಹಾಗಿಲ್ಲ. ಮರಿಗಳ ಹೊಟ್ಟೆ ಕೆಟ್ಟು, ಆ ಹುಳುವಿನ ಜಿಡ್ಡು ಮೈಗೆಲ್ಲ ಮೆತ್ತಿಕೊಂಡು, ನಾತ ಪಡಸಾಲೆಗೆ ಬರುತ್ತಿತ್ತು. ಅಪ್ಪನ ಮಗ್ಗದ ಮೇಲೆ ಮದುವೆ ಸೀರೆ ಇತ್ತು. ಅವ್ವ ಮೂಗಿಗೆ ಸೆರಗು ಹಿಡಿದು, "ಆ ಕೂಸು ಬರೋದ್ರೊಳ್ಗೆ ಏನಾರ ಮಾಡ್ಲಾ, ಸೀರೆಗೆ ವಾಸ್ನೆ ಇಡಿದ್ರೆ ಯಾವ್ ಮದ್ವೆ ಎಣ್ಣು ಉಟ್ಕತಾಳೆ?" ಎಂದರು.

ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹುಟ್ಟಿದಾಗಿನಿಂದ ಮಾಡಿದ ಕೆಲಸ. ಹಸಿ ರೇಷ್ಮೆಯ ಮೇಲೆ ಗೋಂದಿನಂಥ ಒಂದು ಅಂಟಿರುತ್ತದೆ. ಅದಿರುವವರೆಗೆ ನೂಲಿಗೆ ಹೊಳಪಿಲ್ಲ, ಅದು ಬಣ್ಣದ ನೀರು ಕುಡಿಯುವುದಿಲ್ಲ. ಸೋಪಿನ ನೀರಿನಲ್ಲಿ ಹಾಕಿ ಅಂಟು ಬಿಡಿಸಿ ಜಾಲಿಸಿದರೆ ಮೆತ್ತಗೆ, ಬೆಳ್ಳಗೆ, ಕೈಯಿಂದ ಜಾರುವ ಹಾಗಾಗುತ್ತದೆ. ಮರಿಗಳ ತುಪ್ಪಳವನ್ನು ಮುಟ್ಟಿ ನೋಡಿದೆ. ಅಂಟಂಟು. ನನಗೆ ಬೇರೆ ಯೋಚನೆಯೇ ಬರಲಿಲ್ಲ. ಬಿಸಿನೀರನ್ನು ಹದಕ್ಕೆ ಆರಿಸಿ, ನೂಲಿಗೆ ಹಾಕುವ ಬಾರ್ ಸೋಪನ್ನೇ ಕೆರೆದು ಹಾಕಿ ನೊರೆ ಎಬ್ಬಿಸಿ, ಒಂದೊಂದು ಮರಿಯನ್ನೂ ನೂಲಿನ ಲಡಿಯ ಹಾಗೆ ಅದ್ದಿ ಅದ್ದಿ ತೊಳೆದೆ. ಕೋಳಿಯನ್ನು ಮಂಕರಿಯ ಕೆಳಗೆ ಮುಚ್ಚಿದ್ದೆ. ಅದು ಒಳಗೆ ಬಡಿದುಕೊಳ್ಳುತ್ತಿತ್ತು. ಮರಿಗಳು ಚೊಕ್ಕಟ, ಘಮಘಮ. ಸಂಜೆ ಅವಳು ಬಂದು ನೋಡಿ ಬೆರಗಾಗುವುದು ಕಣ್ಣಿಗೆ ಕಟ್ಟಿತು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಸೋಪು ಹೋಗಲು ಜಾಲಿಸಬೇಕಲ್ಲ. ಹಿತ್ತಿಲಿನಲ್ಲಿ ನೂಲು ಜಾಲಿಸುವ ಕಲ್ಲಿನ ಬಾನಿ ಇತ್ತು, ಮೊಣಕಾಲುದ್ದ ನೀರು. ಒಂದು ಗೆಣ್ಣು ನೀರು ಸಾಕು ಎಂದದ್ದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ನೆನಪಾದದ್ದರಿಂದಲೇ ಹಾಕಿದೆ. ಇವಳು ಇವುಗಳಿಗೆ ನೀರನ್ನೇ ತೋರಿಸದೆ ಕಟ್ಟಿಹಾಕಿಕೊಂಡಿದ್ದಾಳೆ, ಬಾತಿಗೆ ನೀರು ಕೊಟ್ಟವನು ನಾನು ಎಂದು ಇವಕ್ಕೂ ಗೊತ್ತಾಗಲಿ, ಅವಳಿಗೂ ಗೊತ್ತಾಗಲಿ. ಒಂಬತ್ತನ್ನೂ ಬಾನಿಗೆ ಬಿಟ್ಟೆ.

ಒಂದು ಸುತ್ತು ಈಜಿದವು. ಎಂಥ ಚೆಂದ ಅಂತೀರಿ. ಎರಡನೆಯ ಸುತ್ತಿಗೆ ಒಂದರ ಬೆನ್ನು ನೀರಿಗಿಳಿಯಿತು. ಆಮೇಲೆ ಇನ್ನೊಂದರದು. ಅಂಟು ಬಿಟ್ಟ ರೇಷ್ಮೆ ಬಣ್ಣ ಕುಡಿಯುವ ಹಾಗೆ ಆ ತುಪ್ಪಳ ನೀರು ಕುಡಿಯುತ್ತಿತ್ತು. ಬಾತಿನ ಮೈಯಲ್ಲಿರುವ ಜಿಡ್ಡೇ ಅದರ ದೋಣಿ ಎಂಬುದು ನೇಯುವವನಿಗೆ ಎಲ್ಲಿ ಗೊತ್ತು? ಕೊಕ್ಕು ಮಾತ್ರ ಮೇಲೆ ಕಾಣುತ್ತಿದ್ದವು. ನಾನು ಪಂಚೆಯ ಸಮೇತ ಬಾನಿಗೆ ಬಿದ್ದು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ಹೊರಗೆ ಹಾಕಿದೆ. ಏಳು ಉಸಿರಾಡುತ್ತಿದ್ದವು. ಎರಡು ಇಲ್ಲ. ಮಂಕರಿ ಎತ್ತಿದೆ. ಕೋಳಿ ಓಡಿಬಂದು ಮೊದಲು ನನ್ನ ಕೈ ಕುಕ್ಕಿ ರಕ್ತ ಬರಿಸಿತು, ಆಮೇಲೆ ರೆಕ್ಕೆ ಅಗಲಿಸಿ ಆ ಒದ್ದೆ ಮರಿಗಳ ಮೇಲೆ ಕೂತಿತು. ನಾನು ರೇಷ್ಮೆಯ ಚೂರುಪಾರು ತಂದು ಸುತ್ತ ತುರುಕಿದೆ. ಕೋಳಿ ಸಮೇತ ಕಾವಿನ ಮಡಕೆಗೆ ಸೇರಿಸಿ ನೀರೊಲೆಯ ಪಕ್ಕಕ್ಕೆ ಇಟ್ಟೆ. ಸತ್ತ ಎರಡನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ಅಳು ಬಂತು. ಅಳುತ್ತಲೇ ಸುಳ್ಳು ಜೋಡಿಸಿಕೊಂಡೆ.

ಸಂಜೆ ಬಸ್ಸಿಗೆ ಚಿಕ್ಕತಾಯಿ ಬಂದಳು. ನೇರ ಹಿತ್ತಿಲಿಗೆ ಹೋಗಿ ಎಣಿಸಿದಳು. ನಾನು ಗುಂಡಿಯಿಂದಲೇ ಅವ್ವನಿಗೆ ಕೇಳುವಂತೆ, ಅಂದರೆ ಅವಳಿಗೆ ಕೇಳುವಂತೆ, ತಪ್ಪನ್ನು ಹದ್ದಿನ ಮೇಲೆ ಹಾಕಿ, "ಎಲ್ಡ ಅದ್ದು ಎತ್ಕಂಡೋಯ್ತು ಕಣವ್ವ" ಅಂದೆ. ಚಿಕ್ಕತಾಯಿ ಒಂದು ಮರಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಇನ್ನೊಂದನ್ನೂ ಹಿಡಿದಳು. ಆಮೇಲೆ ಬಾನಿಯ ಕಡೆ ನೋಡಿದಳು. ಕೆಳಗಿಟ್ಟು ಕೈ ತೊಳೆದುಕೊಂಡು ಅಡುಗೆಮನೆಗೆ ಹೋದಳು.

ಅವತ್ತಿನಿಂದ ರೇಡಿಯೋ ನಿಂತಿತು. ಹೊಟ್ಟು ಬದಲಾಯಿಸುತ್ತಿದ್ದಳು, ನುಚ್ಚು ಕಲಸುತ್ತಿದ್ದಳು, ಬೆರಳು ಅದ್ದಿ ನೀರು ನೋಡುತ್ತಿದ್ದಳು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಮರಿಗಳು ಕತ್ತು ಎತ್ತಿ ಅವಳ ಮುಖ ನೋಡುತ್ತಿದ್ದವು. ನನಗೆ ಸಂತೋಷವಾಗಬೇಕಿತ್ತಲ್ಲವೇ? ನನಗೆ ಸಿಗದ್ದು ಈಗ ಬಾತಿಗೂ ಸಿಗುತ್ತಿರಲಿಲ್ಲ. ಎರಡು ದಿನ ಸಂತೋಷಪಡಲು ಪ್ರಯತ್ನಪಟ್ಟೆ. ಮೂರನೆಯ ದಿನ ಎಳೆ ತಪ್ಪತೊಡಗಿತು. ಹಿತ್ತಿಲಿನಿಂದ ಒಂದು ಮಾತು ಬರುತ್ತದೆಂದು ಕಾದು, ಲಾಳಿ ಎಸೆಯುವುದು ಮರೆತು ಕೂರುತ್ತಿದ್ದೆ. ಮಗ್ಗದ ಸದ್ದಿಗೂ ಇಷ್ಟು ದಿನ ಜೊತೆಗೊಂದು ದನಿ ಇತ್ತು ಎಂಬುದು ಆಗ ತಿಳಿಯಿತು.

ಎಂಟನೆಯ ದಿನ ಚಿಕ್ಕತಾಯಿ ನೀರಿಗೆ ಹೋಗಿದ್ದಾಗ ಅವ್ವನ ಹತ್ತಿರ ಸಿಡುಕಿದೆ. "ಎಲ್ಡು ಬಾತ್ ಮರಿಗೆ ಇಷ್ಟು ಸಿಟ್ಟಾ? ಆ ಮರಿಗಳ ತಾವಾರ ಮಾತಾಡ್ಕಂಡಿರ್ಲಿ ಅನ್ನವ್ವ."

ಅವ್ವ ನೂಲು ಸುತ್ತುತ್ತಿದ್ದ ರಾಟೆ ನಿಲ್ಲಿಸಿದರು. "ಲೇ ಪೆದ್ದ, ಅವ್ಳು ಮಾತಾಡ್ತಿದ್ದುದ್ದು ಬಾತ್ಗಳ ತಾವ ಅಂತ ತಿಳ್ಕಂಡಿದ್ದಿಯಾ?"

"ಮತ್ತಿನ್ಯಾರ್ ತಾವ?"

"ಬಾತು ಕನಕಾಂಬರ ತಂದದಾ? ಬಾತ್ಗೆ ಬೆನ್ನು ನೋಯ್ತದಾ? ನಾಡಿದ್ದು ಸಂಜೆ ಬಸ್ಗೆ ಬತ್ತೀನಿ ಅಂತ ಬಾತ್ಗೆ ಯಾಕ್ಲಾ ಯೋಳ್ಬೇಕು ಅವ್ಳು? ನಿಂಗೆ ಕೇಳ್ಲಿ ಅಂತ ಗಂಟ್ಲು ಅರ್ಕಂಡು ಯೋಳ್ತಿದ್ಲು. ಎದ್ರಾಗೆ ಮಾತಾಡಕ್ಕೆ ನಾವಿದ್ವಲ್ಲ. ನಾನೂ ನಿಮ್ಮಪ್ಪನ್ ತಾವ ಆರು ವರ್ಸ ಮಾತಾಡಿದ್ದೆಲ್ಲ ಎಮ್ಮೆ ಮುಂದೆ ನಿಂತ್ಕಂಡೇಯ. ಆ ಎಮ್ಮೆ ಸತ್ತಾಗ ನಿಮ್ಮಪ್ಪ ಅತ್ತಿದ್ದು ಆಲು ಓಯ್ತು ಅಂತ ಅಲ್ಲ."

ಆ ಕಡೆ ಮಗ್ಗದಿಂದ ಅಪ್ಪ ತಲೆ ಎತ್ತದೆ, "ಒಳ್ಳೆ ಎಮ್ಮೆ ಅದು" ಅಂದರು.

ನಾನು ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ಕೂತೇ ಇದ್ದೆ. ಸಾರಿಗೆ ಹುಳಿ ಹೆಚ್ಚಾದದ್ದು, ಮಾವನ ಎದುರು ಮುಖ ಹಿಂಡಬೇಡಿ ಎಂದದ್ದು, ಎದ್ದು ನೆಟ್ಟಗೆ ನಿಲ್ಲು ಎಂದದ್ದು, ಹೊತ್ತುಹೊತ್ತಿಗೆ ಉಣ್ಣಿ ಎಂದದ್ದು ಒಂದೊಂದಾಗಿ ಬಂದು ಎದುರಿಗೆ ನಿಂತವು. ನನ್ನದೇ ಪಾಲಿನ ಮಾತಿಗೆ ನಾನೇ ಹೊಟ್ಟೆ ಉರಿದುಕೊಂಡು, ಅದನ್ನು ಹೊತ್ತು ತರುತ್ತಿದ್ದ ಬಡಪಾಯಿ ಮರಿಗಳನ್ನು ನೀರಿಗೆ ಹಾಕಿದ್ದೆ. ಕೊಂದದ್ದು ಸಾಲದೆಂದು ಸುಳ್ಳು ಬೇರೆ. ಎದ್ದು ಅಂಗಿ ಹಾಕಿಕೊಂಡು ಬಸ್ ಸ್ಟಾಂಡಿನ ಕಡೆ ಹೋದೆ.

ಎರಡು ಮೊಳ ಕನಕಾಂಬರ ತಂದು ಚಂದ್ರಿಕೆಯ ಮೇಲೆ ಹಾಕಿದೆ. ಚಿಕ್ಕತಾಯಿ ಅಡುಗೆಮನೆಯಲ್ಲಿದ್ದಳು, ಕಿಟಕಿ ಹಿತ್ತಿಲಿಗೇ ತೆರೆದಿತ್ತು. ಮರಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಕೋಳಿ ಕುಕ್ಕಲು ಸಿದ್ಧವಾಯಿತು.

"ಲೇ, ಕೇಳ್ರಪ್ಪ" ಅಂದೆ. "ಅದ್ದು ಬಂದಿರ್ನಿಲ್ಲ. ಸೋಪಾಕಿದ್ದು ನಾನೇಯ, ಬಾನಿಗ್ ಬುಟ್ಟಿದ್ದೂ ನಾನೇಯ. ನಿಮ್ ತಾವ ಮಾತಾಡ್ತಾಳೆ, ನನ್ ತಾವ ಆಡಕ್ಕಿಲ್ವಲ್ಲ ಅಂತ ಒಟ್ಟೆಕಿಚ್ಚು. ತೆಪ್ಪಾಯ್ತು."

ಒಳಗೆ ಪಾತ್ರೆಯ ಸದ್ದು ನಿಂತಿತು. ಪಡಸಾಲೆಯಲ್ಲಿ ಅಪ್ಪನ ಲಾಳಿಯೂ ನಿಂತಿತು. ಅವ್ವನ ರಾಟೆ ಅದಕ್ಕೆ ಮುಂಚೆಯೇ ನಿಂತಿತ್ತು. ಆಮೇಲೆ ಕಿಟಕಿಯಿಂದ ದನಿ ಬಂತು.

"ಕೇಳುದ್ರೇನ್ರೋ? ನಮ್ಮೂರಲ್ಲಿ ಅದ್ದು ಬರೀ ಮರಿ ಎತ್ಕಂಡೋಯ್ತದೆ. ಈ ಪ್ಯಾಟೇಲಿ ಸೋಪಾಕಿ ತೊಳ್ದು ಎತ್ಕಂಡೋಯ್ತದೆ."

ಪಡಸಾಲೆಯಲ್ಲಿ ಅಪ್ಪ ನಕ್ಕದ್ದು ಕೇಳಿಸಿತು, ಅವ್ವ ಅವರನ್ನು ಗದರಿದ್ದೂ ಕೇಳಿಸಿತು. ಕಿಟಕಿಯ ದನಿ ಸ್ವಲ್ಪ ತಗ್ಗಿ, ಒಂದಿಷ್ಟು ನಡುಗಿ, ಮುಂದುವರಿಯಿತು.

"ಒಂದ್ ಗೆಣ್ಣು ನೀರು ಸಾಕು ಅಂತ ಎಷ್ಟ್ ದಪ ಯೋಳಿದ್ದೆ. ಯಾರ್ಗೆ ಯೋಳ್ತಾವ್ಳೆ ಅನ್ಕಂಡಿದ್ರೋ ಏನೋ."

ತಟ್ಟೆಯ ನೀರು ಚೆಲ್ಲಿ, ಹೊಸ ನೀರು ಹೊಯ್ದು, ಮೊದಲ ಸಲ ನನ್ನ ಬೆರಳನ್ನು ಅದ್ದಿದೆ. ಹೆಚ್ಚಿತ್ತು, ಚೆಲ್ಲಿದೆ. ಮೂರು ಕಲ್ಲು ಹಾಕಿದೆ. ಮಧ್ಯಾಹ್ನ ಊಟಕ್ಕೆ ಬಡಿಸಲು ಬಂದವಳ ಮುಡಿಯಲ್ಲಿ ಕನಕಾಂಬರ ಇತ್ತು.

ಏಳೂ ಉಳಿದವು. ರೆಕ್ಕೆ ಪುಕ್ಕ ಬಂದ ಮೇಲೆ ಅವಳೇ ಕೆರೆಗೆ ಹೊಡೆದುಕೊಂಡು ಹೋದಳು, ದಡದಲ್ಲಿ ಕೋಳಿ ಹುಚ್ಚೆದ್ದು ಕೂಗಿಕೊಂಡಿತು. ಹೆಣ್ಣು ಬಾತುಗಳು ಮಳೆಗಾಲ ಕಳೆಯುವುದರೊಳಗೆ ಮೊಟ್ಟೆ ಇಟ್ಟವು. ಅಪ್ಪನ ಕಾಯಿಲೆ ವಾಸಿಯಾಯಿತೋ ಇಲ್ಲವೋ ಅವರು ಹೇಳಲಿಲ್ಲ, ಮೊಟ್ಟೆ ಮಾತ್ರ ಬಿಡಲಿಲ್ಲ. ನಾನೂ ಬಾತುಗಳಿಗೆ ಉತ್ತರ ಹೇಳುವುದನ್ನು ಕಲಿತೆ. ಮೊದಲ ಮಗು ಹುಟ್ಟುವ ಸುದ್ದಿ ನನಗೆ ಗೊತ್ತಾದದ್ದೂ ಒಂದು ಗಂಡು ಬಾತಿನ ಮುಖಾಂತರವೇ.

ಈಗ ಮನೆಯಲ್ಲಿ ನಾವಿಬ್ಬರೇ ಹಿರಿಯರು. ನಾಚಿಕೊಳ್ಳಲು ಎದುರಿಗೆ ಯಾರೂ ಇಲ್ಲ, ಬಾತೂ ಇಲ್ಲ. ಆದರೂ ಚಿಕ್ಕತಾಯಿಗೆ ಅಭ್ಯಾಸ ತಪ್ಪಿಲ್ಲ. ಮುಖ್ಯವಾದದ್ದೇನಾದರೂ ಇದ್ದರೆ ಇಂದಿಗೂ ಗುಬ್ಬಿಗಳಿಗೇ ಹೇಳುತ್ತಾಳೆ. ನಾನು ಪೇಪರು ಮಡಿಸಿಟ್ಟು ಗಮನವಿಟ್ಟು ಕೇಳುತ್ತೇನೆ. ನಿನ್ನೆ, "ಮಾತ್ರೆ ನುಂಗಿದ್ಯಾ?" ಎಂದು ಕೇಳಿದಳು. ಎದ್ದು ಹೋಗಿ ನುಂಗಿದೆ. ಇವತ್ತು ಬೆಳಿಗ್ಗೆ ಕಟ್ಟೆಯ ಹತ್ತಿರ ನಿಂತು, "ಎಷ್ಟ್ ಚೆಂದಾಗಿ ಕಾಣ್ತಿದ್ದೀಯಾ, ದಿಷ್ಟಿ ಆಗೋ ಅಂಗೆ" ಅಂದಳು. ನಾನು ಆಗ ತಾನೇ ಕ್ಷೌರ ಮಾಡಿಸಿಕೊಂಡು ಬಂದು ಕೂತಿದ್ದೆ. ತಟ್ಟೆಯ ಅಂಚಿನ ಮೇಲೆ ಒಂದು ಗಂಡು ಗುಬ್ಬಿಯೂ ಕೂತಿತ್ತು. ಯಾರಿಗೆ ಹೇಳಿದ್ದು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ಒಳಗೆ ಹೋಗುವವರೆಗೆ ಕಾದು, ಎದ್ದು ಗುಬ್ಬಿಯನ್ನು ಓಡಿಸಿಬಿಟ್ಟೆ.